ಗಣಕಯಂತ್ರಗಳ ನವೀಕರಣ: ಒಂದು ವಿಚಾರ

ಶಾಲೆಗೆ ಗಣಕಯಂತ್ರಗಳು ಬಂದ ದಿನವನ್ನು ಊರಿಗೆ ಊರೇ ನೆನಪಿಡುತ್ತದೆ. ಬಾಗಿಲಿಗೆ ತಳಿರುತೋರಣ, ಪ್ರತಿಯೊಂದು ಯಂತ್ರಕ್ಕೂ ವಿಭೂತಿ, ಕುಂಕುಮ, ಹೂವು, ಪೂಜ್ಯರ ದಿವ್ಯ ಸಾನ್ನಿಧ್ಯ, ದಾನಿಗಳಿಗೆ ಶಾಲು ಹೊದಿಸಿ ಸನ್ಮಾನ, ಗೋಡೆಯಲ್ಲಿ ಅವರ ಹೆಸರು ಕೆತ್ತಿದ ಕಲ್ಲು. ಇವೆಲ್ಲವೂ ಯೋಗ್ಯವೇ ಸರಿ. ಆದರೆ ಅದೇ ಯಂತ್ರಗಳು ಶಾಲೆಯಿಂದ ಹೊರಬಿದ್ದ ದಿನ ಯಾವುದೆಂದು ಕೇಳಿದರೆ ಉತ್ತರ ಹೇಳುವವರು ಸಿಗುವುದು ದುರ್ಲಭ. ಏಕೆಂದರೆ ಬಹಳ ಕಡೆ ಅವು ಹೊರಬೀಳುವುದೇ ಇಲ್ಲ. ಮೊದಲು ಎರಡು ಕೆಡುತ್ತವೆ, ಆಮೇಲೆ ಐದು. ಯು.ಪಿ.ಎಸ್.ನ ಬ್ಯಾಟರಿ ಉಬ್ಬಿ ಮೂಲೆ ಸೇರುತ್ತದೆ. ಒಂದು ದಿನ ಕೋಣೆಗೆ ಬೀಗ ಬೀಳುತ್ತದೆ. ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿ ಉಳಿಯುತ್ತದೆ. ಕಲ್ಲಿನ ಮೇಲಿನ ಹೆಸರು ಮಾತ್ರ ಸ್ಫುಟವಾಗಿಯೇ ಇರುತ್ತದೆ.

ವಿಜಯಪುರ ನಗರದ ದೊಡ್ಡ ಕಾಲೇಜುಗಳ ಮಾತು ಬೇರೆ. ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುವುದಕ್ಕೆಂದೇ ಸಿಬ್ಬಂದಿಯಿರುತ್ತಾರೆ. ತಿಕೋಟಾ, ಬಬಲೇಶ್ವರ ಭಾಗದ ಜೈನಾಪುರದಂಥ ಊರುಗಳಲ್ಲಿ, ಶಿಕ್ಷಕರೊಬ್ಬರು ಗಣಿತವನ್ನೂ ಬೋಧಿಸಿ ಕಂಪ್ಯೂಟರ್ ಕೋಣೆಯನ್ನೂ ನೋಡಿಕೊಳ್ಳಬೇಕಾದಲ್ಲಿ, ಈ ಪ್ರಶ್ನೆ ತೀವ್ರವಾದುದು. ಬೇಸಿಗೆಯ ಉರಿ, ಎರೆಮಣ್ಣಿನ ಧೂಳು, ಹೋಗಿ ಬಂದು ಮಾಡುವ ವಿದ್ಯುತ್ತು ಇವು ಮೂರೂ ಸೇರಿ ಯಂತ್ರದ ಆಯುಷ್ಯವನ್ನು ಕಡಿಮೆ ಮಾಡುತ್ತವೆ. ಹೀಗಿದ್ದೂ ಯಂತ್ರ ಕೊಳ್ಳುವ ಚಿಂತೆ ಎಲ್ಲರಿಗೂ ಇದೆ; ಅದನ್ನು ಬದಲಿಸುವ ಚಿಂತೆ ಯಾರಿಗೂ ಇಲ್ಲ.

ಇದರ ಮೂಲ ಒಂದು ತಪ್ಪು ಎಣಿಕೆಯಲ್ಲಿದೆ. ಗಣಕಯಂತ್ರವನ್ನು ಶಾಲಾ ಆಡಳಿತವೂ ದಾನಿಗಳೂ ಕಟ್ಟಡದ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಕಟ್ಟಡವನ್ನು ಒಮ್ಮೆ ಕಟ್ಟಿಸಿದರೆ ಎರಡು ತಲೆಮಾರು ನಿಲ್ಲುತ್ತದೆ. ಆದುದರಿಂದ ಕಟ್ಟಡಕ್ಕೆ ಒಮ್ಮೆ ಕೊಟ್ಟ ದಾನ ಪೂರ್ಣವಾದ ದಾನ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಆಸ್ತಿಗಳ ಉಪಯುಕ್ತ ಆಯುಷ್ಯವನ್ನು ಲೆಕ್ಕ ಹಾಕಿಕೊಟ್ಟಿದೆ: ಕಾರ್ಖಾನೆಯಲ್ಲದ ಕಾಂಕ್ರೀಟು ಕಟ್ಟಡಕ್ಕೆ 60 ವರ್ಷ, ಸರ್ವರುಗಳಿಗೆ 6 ವರ್ಷ, ಮೇಜಿನ ಮೇಲಿನ ಹಾಗೂ ಮಡಿಲ ಗಣಕಯಂತ್ರಗಳಿಗೆ 3 ವರ್ಷ. ಶಾಲೆ ಕಂಪನಿಯಲ್ಲ, ನಿಜ; ಮೂರಕ್ಕೆ ಬದಲು ಐದು, ಜೋಪಾನ ಮಾಡಿದರೆ ಏಳು ವರ್ಷವೂ ಅಲ್ಲಿ ಯಂತ್ರ ನಡೆದೀತು. ಆದರೆ ಅರವತ್ತಕ್ಕೂ ಮೂರಕ್ಕೂ ಇರುವ ಅಂತರವನ್ನು ಮರೆತು ಎರಡಕ್ಕೂ ಒಂದೇ ಬಗೆಯ ದಾನವನ್ನು ಬೇಡುವುದು ಹೇಗೆ ಸರಿಯಾದೀತು?

ಈ ಸ್ಮರಣ ಸಂಚಿಕೆಯ ಓದುಗರಿಗೆ ಹೆಚ್ಚು ಪರಿಚಿತವಾದ ಹೋಲಿಕೆಯೊಂದುಂಟು. ಮಠದ ದಾಸೋಹಕ್ಕೆ ಯಾವ ಭಕ್ತನೂ ಒಂದು ಸಲ ಜೋಳ ಕೊಟ್ಟು, ಇನ್ನು ಐವತ್ತು ವರ್ಷ ತನ್ನ ಪಾಲು ತೀರಿತೆಂದು ಭಾವಿಸುವುದಿಲ್ಲ. ಸುಗ್ಗಿಯಾದ ಮೇಲೆ ಪ್ರತಿವರ್ಷವೂ ಚೀಲ ಬರುತ್ತದೆ. ಒಲೆ ಉರಿಯುವುದು ಆ ವರ್ಷ ವರ್ಷದ ಚೀಲಗಳಿಂದ. ಗಣಕಯಂತ್ರದ ಕೋಣೆಯು ಕಟ್ಟಡದ ಜಾತಿಗೆ ಸೇರಿದುದಲ್ಲ, ದಾಸೋಹದ ಜಾತಿಗೆ ಸೇರಿದುದು. ಅದಕ್ಕೆ ಬೇಕಾದುದು ಒಂದು ದೊಡ್ಡ ದಾನಕ್ಕಿಂತ ವರ್ಷವರ್ಷವೂ ತಪ್ಪದೆ ಬರುವ ಸಣ್ಣ ಪಾಲು.

ಈ ಮಾತನ್ನು ಈಗ ಎತ್ತುವುದಕ್ಕೆ ತಕ್ಕ ಕಾರಣವಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10 ಎಂಬ ಕಾರ್ಯಾಚರಣಾ ತಂತ್ರಾಂಶಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದಿನಿಂದ ಆ ತಂತ್ರಾಂಶವಿರುವ ಯಂತ್ರಗಳು ಕೆಟ್ಟು ನಿಂತವೆಂದಲ್ಲ. ಅವು ಮೊದಲಿನಂತೆಯೇ ನಡೆಯುತ್ತವೆ. ಆದರೆ ಹೊಸದಾಗಿ ಕಾಣಿಸಿಕೊಳ್ಳುವ ಭದ್ರತಾ ದೋಷಗಳಿಗೆ ಉಚಿತವಾದ ತಿದ್ದುಪಡಿ ತಾನಾಗಿ ಬರುವುದಿಲ್ಲ. ಮುಂದಿನ ಆವೃತ್ತಿಯಾದ ವಿಂಡೋಸ್ 11 ಅನ್ನು ಹಾಕಿಕೊಳ್ಳೋಣವೆಂದರೆ ಅದು ಎಲ್ಲ ಯಂತ್ರಗಳಿಗೂ ಒಪ್ಪುವಂಥದಲ್ಲ. ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದೊಳಗಿರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದು ಅಥವಾ ಅದರ ನಂತರದ್ದಾಗಿರಬೇಕು. ಎಂದರೆ ಸುಮಾರಾಗಿ 2018ಕ್ಕಿಂತ ಹಿಂದೆ ಕೊಂಡ ಯಂತ್ರಗಳಲ್ಲಿ ಹೆಚ್ಚಿನವು, ಇನ್ನೂ ಚೆನ್ನಾಗಿ ನಡೆಯುತ್ತಿದ್ದರೂ, ಪಂಕ್ತಿಯಿಂದ ಹೊರಗೆ ನಿಂತವು. ಒಂದು ಸಂಸ್ಥೆ ಹೊರದೇಶದಲ್ಲಿ ಕುಳಿತು ನಿಶ್ಚಯಿಸಿದ ದಿನಾಂಕವು ಜೈನಾಪುರದ ಪಾಠದ ವೇಳಾಪಟ್ಟಿಯನ್ನು ಅಲುಗಿಸುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವೋ ಅಲ್ಲವೋ, ಆ ದಿನಾಂಕ ನಾಲ್ಕು ವರ್ಷ ಮೊದಲೇ ಎಲ್ಲರಿಗೂ ತಿಳಿದಿತ್ತು. ಅದನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಂಡ ಶಾಲೆಗಳೆಷ್ಟು?

ಬೆಂಬಲ ನಿಂತ ಯಂತ್ರದಿಂದ ಏನು ಅಪಾಯವೆಂಬುದಕ್ಕೆ 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶದ ಪ್ರಸಂಗವನ್ನು ಹಲವರು ಎತ್ತಿ ಹೇಳುತ್ತಾರೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಆಸ್ಪತ್ರೆ ಮಂಡಳಿಗಳಲ್ಲಿ ಕನಿಷ್ಠ 80 ಇದರಿಂದ ಬಾಧಿತವಾದವು. ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ಆದರೆ ಅಲ್ಲಿ ಕೆಟ್ಟ ಯಂತ್ರಗಳಲ್ಲಿ ಹೆಚ್ಚಿನವು ಬೆಂಬಲವಿಲ್ಲದ ಹಳೆಯವಾಗಿರಲಿಲ್ಲ. ಅವುಗಳಿಗೆ ತಿದ್ದುಪಡಿ ಎರಡು ತಿಂಗಳು ಮೊದಲೇ ಬಂದಿತ್ತು, ಅದನ್ನು ಹಾಕಿಕೊಂಡಿರಲಿಲ್ಲ ಅಷ್ಟೆ. ಹೊಸ ಯಂತ್ರ ಕೊಂಡ ಮಾತ್ರಕ್ಕೆ ಕಾರ್ಯ ಮುಗಿಯಿತೆಂದು ತಿಳಿಯುವವರು ಈ ವಿವರವನ್ನು ಲಕ್ಷ್ಯದಲ್ಲಿಡುವುದು ಒಳ್ಳೆಯದು.

ಸಾವಿರಾರು ಯಂತ್ರಗಳನ್ನು ಬದಲಿಸಿದ ದೊಡ್ಡ ಸಂಸ್ಥೆಗಳು ಈ ಕೆಲಸವನ್ನು ಹೇಗೆ ಮಾಡಿದವೆಂದು ನೋಡಿದರೆ ಸಣ್ಣ ಶಾಲೆಗೂ ಕಲಿಯತಕ್ಕ ಅಂಶಗಳು ದೊರೆಯುತ್ತವೆ. ಬ್ಯಾಂಕುಗಳ ಎ.ಟಿ.ಎಂ. ಯಂತ್ರಗಳ ಕಥೆ ಅವುಗಳಲ್ಲೊಂದು. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು. ಆದರೂ ದೇಶದ ಎಷ್ಟೋ ಎ.ಟಿ.ಎಂ.ಗಳು ಮತ್ತೆ ನಾಲ್ಕು ವರ್ಷ ಅದರ ಮೇಲೆಯೇ ಹಣ ಎಣಿಸುತ್ತಿದ್ದವು. ಕೊನೆಗೆ 2018ರ ಜೂನ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕಟ್ಟಪ್ಪಣೆ ಹೊರಡಿಸಿತು. ಅದರಲ್ಲಿ ಮೆಚ್ಚತಕ್ಕ ಸಂಗತಿಯೆಂದರೆ ಅದು ವಿಧಿಸಿದ ಕ್ರಮ: ಸೆಪ್ಟೆಂಬರ್ ಒಳಗೆ ಕಾಲು ಭಾಗ, ಡಿಸೆಂಬರ್ ಒಳಗೆ ಅರ್ಧ, 2019ರ ಮಾರ್ಚ್ ಒಳಗೆ ಮುಕ್ಕಾಲು, ಜೂನ್ ಒಳಗೆ ಎಲ್ಲವೂ. ‘ಬೇಗ ಬದಲಿಸಿ’ ಎಂಬ ಮಾತಿಗೂ ‘ಸೆಪ್ಟೆಂಬರ್ ಒಳಗೆ ಕಾಲು ಭಾಗ’ ಎಂಬ ಮಾತಿಗೂ ಅಜಗಜಾಂತರವಿದೆ. ಮೊದಲನೆಯದು ಸಭೆಯ ನಡವಳಿಯಲ್ಲಿ ಮಲಗುತ್ತದೆ. ಎರಡನೆಯದಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಅಂಚೆ ಇಲಾಖೆಯ ಉದಾಹರಣೆ ಹಳ್ಳಿಗೆ ಇನ್ನೂ ಸಮೀಪದ್ದು. 2017ರ ಡಿಸೆಂಬರ್‌ನಲ್ಲಿ ಆರಂಭವಾದ ದರ್ಪಣ ಯೋಜನೆಯಲ್ಲಿ ದೇಶದ ಸುಮಾರು 1.29 ಲಕ್ಷ ಶಾಖಾ ಅಂಚೆ ಕಛೇರಿಗಳಿಗೆ ಕೈಯಲ್ಲಿ ಹಿಡಿಯುವ ಯಂತ್ರಗಳನ್ನು, ಸೌರಶಕ್ತಿಯ ಅನುಕೂಲದೊಡನೆ, ಕೊಡುವ ಉದ್ದೇಶವಿತ್ತು. ವಿದ್ಯುತ್ತಿಲ್ಲದ ಊರನ್ನು ಮೊದಲೇ ಎಣಿಸಿಕೊಂಡು ಹೊರಟ ಯೋಜನೆಯೆಂಬುದಕ್ಕಾಗಿ ಅದು ಸ್ಮರಣೀಯ. ಕೆಲವೇ ವರ್ಷಗಳಲ್ಲಿ ಆ ಯಂತ್ರಗಳೂ ಹಳತಾದವು. ಮುಂದಿನ ವ್ಯವಸ್ಥೆ ಸಾಮಾನ್ಯ ಸ್ಮಾರ್ಟ್‌ಫೋನಿನ ಮೇಲೆ ನಡೆಯುವಂತೆ ರೂಪಗೊಂಡಿತು. ಇಡೀ ಇಲಾಖೆಯ ಹೊಸ ವ್ಯವಸ್ಥೆಯನ್ನು 2025ರಲ್ಲಿ ಜಾರಿಗೆ ತಂದಾಗ ದೇಶಕ್ಕೆಲ್ಲ ಒಮ್ಮೆಗೇ ತೆರೆದುಬಿಡಲಿಲ್ಲ. ಆ ವರ್ಷದ ಮೇ, ಜೂನ್‌ನಲ್ಲಿ ಕರ್ನಾಟಕ ಅಂಚೆ ವೃತ್ತದಲ್ಲಿ ಮೊದಲು ಪ್ರಯೋಗಿಸಿ, ಅಲ್ಲಿ ಕಂಡ ಕುಂದುಗಳನ್ನು ತಿದ್ದಿಕೊಂಡು, ವೃತ್ತ ವೃತ್ತವಾಗಿ ಹರಡಿ, ಆಗಸ್ಟ್ 4ಕ್ಕೆ ಮುಗಿಸಿದರು. 4.6 ಲಕ್ಷದಷ್ಟು ನೌಕರರಿಗೆ ತರಬೇತಿ ನಡೆಯಿತು. ಒಂದು ಕಡೆ ಪರೀಕ್ಷಿಸಿ ನೋಡದೆ ಎಲ್ಲ ಕಡೆ ಬದಲಿಸಬಾರದೆಂಬುದು ಇಪ್ಪತ್ತು ಯಂತ್ರಗಳ ಕೋಣೆಗೂ ಅನ್ವಯಿಸುವ ನೀತಿ. ಮೊದಲು ಎರಡು ಯಂತ್ರ ತರಿಸಿ, ಒಂದು ತಿಂಗಳು ಮಕ್ಕಳ ಕೈಗೆ ಕೊಟ್ಟು, ಕನ್ನಡ ಸರಿಯಾಗಿ ಮೂಡುತ್ತದೆಯೇ, ಹಳೆಯ ಪ್ರಿಂಟರು ಹೊಸ ಯಂತ್ರದೊಡನೆ ಮಾತಾಡುತ್ತದೆಯೇ ಎಂದು ಕಂಡುಕೊಂಡ ಮೇಲೆ ಉಳಿದವನ್ನು ತರಿಸುವುದು ಕ್ಷೇಮ.

ಇದಕ್ಕೆ ವಿರುದ್ಧವಾದ ಪಾಠ ನೆರೆಯ ಮಹಾರಾಷ್ಟ್ರದಲ್ಲಿ ದೊರೆಯುತ್ತದೆ. ಅಲ್ಲಿಯ ಅಂಗನವಾಡಿ ಕಾರ್ಯಕರ್ತೆಯರಿಗೆ 2019ರಲ್ಲಿ ಕೊಟ್ಟ ಮೊಬೈಲುಗಳ ಸ್ಮರಣಶಕ್ತಿ 2 ಜಿ.ಬಿ. ಮಾತ್ರ. ಅನಂತರ ಬಂದ ಪೋಷಣ್ ಟ್ರ್ಯಾಕರ್ ಎಂಬ ತಂತ್ರಾಂಶದ ಭಾರವನ್ನು ಅವು ತಾಳಲಾರದೆ ಹೋದವು. ರಿಪೇರಿಗೆ ಕೈಯಿಂದ ಹಣ ತೆತ್ತು ಬೇಸತ್ತ ಕಾರ್ಯಕರ್ತೆಯರು 2021ರ ಆಗಸ್ಟ್‌ನಲ್ಲಿ ಆ ಮೊಬೈಲುಗಳನ್ನು ಸರ್ಕಾರಕ್ಕೇ ಮರಳಿ ಒಪ್ಪಿಸಿ ಪ್ರತಿಭಟಿಸಿದರು. ಕರ್ನಾಟಕದಲ್ಲಿಯೂ 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಮಡಿಲ ಗಣಕಯಂತ್ರ, ಮೊಬೈಲು, ಮೇಜು ಕುರ್ಚಿಗಳೂ ಇದ್ದವು: ಕೆಲಸವೆಲ್ಲ ಮೊಬೈಲಿನ ತಂತ್ರಾಂಶಗಳಿಗೆ ಏರಿತ್ತು, ಅದನ್ನು ಮಾಡುವ ಸಲಕರಣೆ ಮಾತ್ರ ನೌಕರನ ಸ್ವಂತದ್ದಾಗಿತ್ತು. ಶಾಲೆಯ ಶಿಕ್ಷಕರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ವಿದ್ಯಾರ್ಥಿಗಳ ದಾಖಲೆ, ಹಾಜರಿ, ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅಂತರ್ಜಾಲಕ್ಕೆ ಹೋಗಬೇಕು. ಕಛೇರಿಯಲ್ಲಿರುವ ಒಂದೇ ಯಂತ್ರ ತೆರೆದುಕೊಳ್ಳುವಷ್ಟರಲ್ಲಿ ಒಂದು ಪಾಠದ ಅವಧಿ ಕಳೆದಿರುತ್ತದೆ. ಆಗ ಹೊರಗೆ ಬರುವುದು ಶಿಕ್ಷಕರ ಜೇಬಿನ ಮೊಬೈಲು. ದಾನಿಗಳ ಪಟ್ಟಿಯಲ್ಲಿ ಹೆಸರಿಲ್ಲದ ದಾನಿಯೆಂದರೆ ಈ ಶಿಕ್ಷಕರೇ ಎಂದರೆ ಅತಿಶಯೋಕ್ತಿಯಾಗಲಾರದು.

ಒಮ್ಮೆ ಕೊಟ್ಟು ಮರೆಯುವ ಪದ್ಧತಿ ಖಾಸಗಿ ದಾನಿಗಳದು ಮಾತ್ರವಲ್ಲ. 2004ರಲ್ಲಿ ಕೇಂದ್ರ ಸರ್ಕಾರವು ಶಾಲೆಗಳಲ್ಲಿ ಗಣಕ ಶಿಕ್ಷಣದ ಯೋಜನೆಯನ್ನು ಆರಂಭಿಸಿ, 2010ರಲ್ಲಿ ಪರಿಷ್ಕರಿಸಿತು. ಅದರಡಿಯಲ್ಲಿ ಕಂಪನಿಗಳು ಯಂತ್ರ ಸ್ಥಾಪಿಸಿ, ಕೆಲವು ವರ್ಷ ನಡೆಸಿ, ಆಮೇಲೆ ಶಾಲೆಗೆ ಒಪ್ಪಿಸಿ ಹೋಗುವ ಗುತ್ತಿಗೆಗಳಾದವು. ಒಪ್ಪಿಸುವ ದಿನಕ್ಕೆ ಯಂತ್ರಕ್ಕೆ ಐದು ವರ್ಷ ತುಂಬಿರುತ್ತದೆ. ಅಲ್ಲಿಯವರೆಗೆ ರಿಪೇರಿ ಮಾಡುತ್ತಿದ್ದವರು ಹೊರಟುಹೋಗುತ್ತಾರೆ. ಮುಪ್ಪಿನಲ್ಲಿರುವುದನ್ನು, ನೋಡಿಕೊಳ್ಳುವವರಿಲ್ಲದ ಮನೆಗೆ ಕಳುಹಿಸಿದಂತೆ! ಕೇಂದ್ರ ಶಿಕ್ಷಣ ಸಚಿವಾಲಯದ 2023–24ರ ಅಂಕಿ-ಅಂಶಗಳ ಪ್ರಕಾರ ಕೆಲಸ ಮಾಡುವ ಸ್ಥಿತಿಯ ಗಣಕಯಂತ್ರವಿದ್ದ ಶಾಲೆಗಳು ದೇಶದಲ್ಲಿ ಶೇಕಡಾ 57.2. ‘ಕೆಲಸ ಮಾಡುವ ಸ್ಥಿತಿಯ’ ಎಂಬ ವಿಶೇಷಣವನ್ನು ಸೇರಿಸಬೇಕಾಗಿ ಬಂದದ್ದೇ ಬಹಳಷ್ಟನ್ನು ಹೇಳುತ್ತದೆ.

ಹಾಗಾದರೆ ಬದಲಿಸುವುದು ಹೇಗೆ? ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನನ್ನು ಕೇಳಿದರೆ ಅವನು ಸುಲಭವಾಗಿ ಹೇಳಬಲ್ಲ. ದ್ರಾಕ್ಷಿ ಬಳ್ಳಿಯ ಫಲದ ಕಾಲ ಸುಮಾರು ಹದಿನೈದು ವರ್ಷ. ಹೊಸ ಬಳ್ಳಿ ಫಲಕ್ಕೆ ಬರಲು ಒಂದೆರಡು ವರ್ಷ ಬೇಕು. ಲೆಕ್ಕ ಬಲ್ಲ ರೈತ ಇಡೀ ಪಡವನ್ನು ಒಂದೇ ವರ್ಷ ಕಿತ್ತು ಹಾಕುವುದಿಲ್ಲ. ಹಾಗೆ ಮಾಡಿದರೆ ಆ ಎರಡು ವರ್ಷ ಮನೆ ನಡೆಯುವುದು ಹೇಗೆ? ಒಂದು ಎಕರೆ ಕಿತ್ತು ಹಚ್ಚುತ್ತಾನೆ, ಉಳಿದದ್ದು ಫಲ ಕೊಡುತ್ತಿರುತ್ತದೆ. ಯಾವ ಸಾಲಿನ ಬಳ್ಳಿ ಯಾವ ವರ್ಷದ್ದು, ಯಾವುದು ಸೊರಗುತ್ತಿದೆ ಎಂಬುದು ಅವನ ಬಾಯಲ್ಲೇ ಇರುತ್ತದೆ. ಇಪ್ಪತ್ತು ಯಂತ್ರಗಳಿರುವ ಶಾಲೆ ವರ್ಷಕ್ಕೆ ನಾಲ್ಕನ್ನು ಬದಲಿಸುತ್ತ ಹೋದರೆ ಐದು ವರ್ಷಕ್ಕೊಮ್ಮೆ ಒಂದು ಸುತ್ತು ತಾನಾಗಿ ಮುಗಿಯುತ್ತದೆ. ಯಂತ್ರವೊಂದಕ್ಕೆ 40,000 ರೂಪಾಯಿ ಎಂದಿಟ್ಟುಕೊಂಡರೆ, ಒಮ್ಮೆಗೆ 8 ಲಕ್ಷ ಹೊಂದಿಸುವುದಕ್ಕೆ ಬದಲಾಗಿ ವರ್ಷಕ್ಕೆ 1,60,000 ಹೊಂದಿಸಿದರಾಯಿತು. ಒಂದೇ ಸಲ ಕೊಳ್ಳುವವನು ಆ ವರ್ಷದ ಪೇಟೆಯ ಧಾರಣೆಗೆ ಸಿಕ್ಕಿಬೀಳುತ್ತಾನೆಂಬುದು ಇನ್ನೊಂದು ಸಂಗತಿ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಗಣಕಯಂತ್ರದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿತು. ಅದೇ ಹೊತ್ತಿಗೆ ಕೋಣೆಯನ್ನೆಲ್ಲ ಬದಲಿಸಬೇಕಾಗಿ ಬಂದವರ ಪಾಡನ್ನು ಊಹಿಸಬಹುದು.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ನಾಲ್ಕು ನಾಲ್ಕಾಗಿ ಕೊಂಡರೆ ಐದು ಬಗೆಯ ಯಂತ್ರಗಳು ಒಂದೇ ಕೋಣೆಯಲ್ಲಿ ಸೇರುತ್ತವೆ. ಒಂದರ ಬಿಡಿಭಾಗ ಮತ್ತೊಂದಕ್ಕೆ ಒಗ್ಗುವುದಿಲ್ಲ. ಪಾಠ ಹೇಳುವಾಗ ಒಂದು ಪರದೆ ಒಂದು ತೆರ, ಇನ್ನೊಂದು ಇನ್ನೊಂದು ತೆರ. ನೂರಾರು ಯಂತ್ರಗಳಿರುವ ಕಛೇರಿಗಳು ಒಂದೇ ಮಾದರಿಯನ್ನು ಸಗಟಾಗಿ ಕೊಳ್ಳುವುದು ಇದೇ ಕಾರಣಕ್ಕೆ, ಮತ್ತು ಅದರಲ್ಲಿ ಹುರುಳಿದೆ. ಮಧ್ಯಮ ಮಾರ್ಗವೆಂದರೆ ಎರಡು ಅಥವಾ ಮೂರು ಕಂತುಗಳಲ್ಲಿ, ಒಂದೊಂದು ಕಂತಿನಲ್ಲಿ ಒಂದೇ ಮಾದರಿಯನ್ನು, ಒಂದು ಹೆಚ್ಚಿನ ಯಂತ್ರದೊಡನೆ ಕೊಳ್ಳುವುದು. ಹಣವನ್ನು ಮಾತ್ರ ವರ್ಷವರ್ಷವೂ ಬೇರೆ ಖಾತೆಯಲ್ಲಿ ಕೂಡಿಡಬೇಕು. ಶಾಲೆಗಳಲ್ಲಿ ಚಿನ್ನದ ಪದಕಕ್ಕೆ, ಪ್ರಥಮ ಬಹುಮಾನಕ್ಕೆ ದತ್ತಿನಿಧಿ ಇಡುವ ಸತ್ಸಂಪ್ರದಾಯ ಹಿಂದಿನಿಂದ ಬಂದಿದೆ. ಮೂಲಧನ ಅಳಿಯದೆ ಬಡ್ಡಿಯಿಂದ ಪ್ರತಿವರ್ಷ ಒಂದು ಮಗುವಿಗೆ ಪದಕ ದೊರೆಯುತ್ತದೆ. ಅದೇ ರೀತಿಯಲ್ಲಿ ಪ್ರತಿವರ್ಷ ಎರಡು ಯಂತ್ರ ಬದಲಾಗುವಂತೆ ದತ್ತಿಯಿಡಲು ಮುಂದೆ ಬರುವ ದಾನಿಗೆ ಒಂದು ಕಲ್ಲಿನ ಬದಲು ಎರಡು ಕಲ್ಲು ಹಾಕಿಸಿದರೂ ತಪ್ಪಿಲ್ಲ.

ಎಲ್ಲ ಹಳೆಯ ಯಂತ್ರವನ್ನೂ ಎಸೆಯಬೇಕೆಂದೇನೂ ಇಲ್ಲ. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿ, ಮೆಮೊರಿಯನ್ನು 8 ಜಿ.ಬಿ.ಗೆ ಏರಿಸಿದರೆ ಸತ್ತಂತಿದ್ದ ಯಂತ್ರ ಎದ್ದು ಕೂಡುವುದುಂಟು. ವಿಂಡೋಸ್ 11 ಒಪ್ಪದ ಯಂತ್ರಕ್ಕೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಬಹುದು; ಅದಕ್ಕೆ ಪರವಾನಗಿಯ ಶುಲ್ಕವೂ ಇಲ್ಲ, ಭದ್ರತೆಯ ತಿದ್ದುಪಡಿಗಳೂ ಬರುತ್ತಿರುತ್ತವೆ. ಇದು ಬರಿಯ ಆಶೆಯ ಮಾತಲ್ಲ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಬಹುಕಾಲದಿಂದ ಮುಕ್ತ ತಂತ್ರಾಂಶದ ಮೇಲೆಯೇ ಗಣಕ ಶಿಕ್ಷಣವನ್ನು ನಡೆಸಿಕೊಂಡು ಬಂದಿವೆ. 2019ರಲ್ಲಿ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಹೊಸ ಆವೃತ್ತಿಯನ್ನು ಹಾಕುವ ಕಾರ್ಯ ನಡೆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಆ ವ್ಯವಸ್ಥೆಯಲ್ಲಿಯೇ. ವಿಂಡೋಸನ್ನೇ ಇಟ್ಟುಕೊಳ್ಳಬೇಕಾದ ಕಛೇರಿಯ ಯಂತ್ರಗಳಿಗೆ ಮತ್ತೊಂದು ಆಸರೆಯಿದೆ: ಶಿಕ್ಷಣ ಸಂಸ್ಥೆಗಳಿಗೆ ವಿಂಡೋಸ್ 10ರ ಭದ್ರತಾ ತಿದ್ದುಪಡಿಗಳನ್ನು ಮೊದಲ ವರ್ಷ ಯಂತ್ರಕ್ಕೆ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4 ಡಾಲರ್ ದರದಲ್ಲಿ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದೆ. ಇದು ಉಳಿದ ಕಛೇರಿಗಳು ತೆರುವ ದರಕ್ಕಿಂತ ಎಷ್ಟೋ ಕಡಿಮೆ. ಆದರೆ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು.

ಇಲ್ಲಿ ಕನ್ನಡ ಶಾಲೆಗಳಿಗೇ ವಿಶಿಷ್ಟವಾದ ತೊಡಕೊಂದಿದೆ. ಹೊರಗಿನವರು ಬರೆದ ಯಾವ ಮಾರ್ಗದರ್ಶಿಯಲ್ಲಿಯೂ ಅದರ ಉಲ್ಲೇಖ ದೊರೆಯಲಾರದು. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡವನ್ನು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ, ಅವುಗಳದೇ ಸಂಕೇತಗಳಲ್ಲಿ ಬೆರಳಚ್ಚು ಮಾಡುತ್ತಿದ್ದರು. ಯಂತ್ರ ಬದಲಿಸಿ ಹೊಸದರಲ್ಲಿ ಆ ಹಳೆಯ ಕಡತವನ್ನು ತೆರೆದರೆ, ತಕ್ಕ ಅಕ್ಷರಶೈಲಿ ಇಲ್ಲದಿದ್ದಲ್ಲಿ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ಶಾಲೆಯ ಇಪ್ಪತ್ತು ವರ್ಷಗಳ ಪ್ರಶ್ನೆಪತ್ರಿಕೆಗಳು, ಸಭೆಯ ನಡವಳಿಗಳು, ದಾನಿಗಳ ಯಾದಿ, ಹಳೆಯ ಸ್ಮರಣ ಸಂಚಿಕೆಗಳ ಮೂಲಪ್ರತಿಗಳು ಹೀಗೆ ಒಂದು ಮಧ್ಯಾಹ್ನದಲ್ಲಿ ಓದಲಾಗದಂತಾಗಬಹುದು. ಪುಟ ಕಟ್ಟಲು ಬಳಸುತ್ತಿದ್ದ ಪೇಜ್‌ಮೇಕರ್ ತಂತ್ರಾಂಶದ್ದೂ ಇದೇ ಕಥೆ. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಕನ್ನಡದ ಎಷ್ಟೋ ಪುಸ್ತಕಗಳ ಮೂಲಪ್ರತಿಗಳು ಇನ್ನೂ ಆ ರೂಪದಲ್ಲಿಯೇ ಉಳಿದಿವೆ. ಆದುದರಿಂದ ಹಳೆಯ ಯಂತ್ರ ಜೀವದಿಂದಿರುವಾಗಲೇ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು, ಪುಟ ಕಟ್ಟಿದವುಗಳನ್ನು ಪಿ.ಡಿ.ಎಫ್. ಮಾಡಿಡಬೇಕು. ಪರಿವರ್ತಿಸುವ ತಂತ್ರಾಂಶಗಳು ಸುಲಭವಾಗಿ ದೊರೆಯುತ್ತವೆ. ಆದರೆ ಒತ್ತಕ್ಷರ, ಅರ್ಕಾವೊತ್ತುಗಳು ಕೆಲವೆಡೆ ತಪ್ಪಿಹೋಗುವುದರಿಂದ ಕನ್ನಡ ಪಂಡಿತರೊಬ್ಬರು ಕುಳಿತು ಓದಿ ನೋಡುವುದು ಅವಶ್ಯ. ಈ ಕೆಲಸಕ್ಕೆ ಹಣ ಬೇಕಿಲ್ಲ, ಎರಡು ತಿಂಗಳ ತಾಳ್ಮೆ ಬೇಕು. ವಚನಗಳನ್ನು ಅಚ್ಚುಮಾಡುವುದಕ್ಕೆಂದು 1925ರಲ್ಲಿ ಫ. ಗು. ಹಳಕಟ್ಟಿಯವರು ಹಿತಚಿಂತಕ ಮುದ್ರಣಾಲಯವನ್ನು ತೆರೆದ ಊರು ಇದು. ತಾಳೆಗರಿ ಸವೆಯುವ ಮೊದಲು ಅದರಲ್ಲಿದ್ದುದನ್ನು ಅಚ್ಚಿಗೆ ಇಳಿಸಿದ ಆ ಶ್ರಮದ ಮುಂದೆ ಒಂದು ಶಾಲೆಯ ಕಡತಗಳ ಪರಿವರ್ತನೆ ಎಷ್ಟರದು?

ಇನ್ನು ದಾನವಾಗಿ ಬರುವ ಹಳೆಯ ಯಂತ್ರಗಳ ವಿಷಯ. ಇದು ಸ್ವಲ್ಪ ನಾಜೂಕಿನದು. ಆದರೂ ಹೇಳದೆ ಬಿಡತಕ್ಕುದಲ್ಲ. ಬೆಂಗಳೂರು, ಪುಣೆಗಳ ಕಂಪನಿಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ತಮ್ಮ ಯಂತ್ರಗಳನ್ನು ಬದಲಿಸುತ್ತವೆ. ಅಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅಭಿಮಾನದಿಂದ ಅವುಗಳನ್ನು ತಾವು ಓದಿದ ಶಾಲೆಗೆ ಕೊಡಿಸಲು ಮುಂದಾಗುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿರುವ ಇಂಥ ಯಂತ್ರಗಳು ಹೊಸದಾಗಿ ಕೊಂಡ ಅಗ್ಗದ ಯಂತ್ರಗಳಿಗಿಂತ ಗಟ್ಟಿಯಾಗಿರುವುದೂ ಉಂಟು. ಆದರೆ ವಿಂಡೋಸ್ 11 ಒಪ್ಪಲಿಲ್ಲವೆಂಬ ಕಾರಣಕ್ಕೇ ಕಂಪನಿಯೊಂದು ಹೊರಹಾಕಿದ ಯಂತ್ರ ಶಾಲೆಗೆ ಬಂದರೆ, ಕಂಪನಿಯ ತೊಡಕು ಶಾಲೆಗೆ ವರ್ಗವಾಯಿತೇ ಹೊರತು ದಾನವಾಗಲಿಲ್ಲ. ಆದುದರಿಂದ ಒಪ್ಪಿಕೊಳ್ಳುವ ಮೊದಲು ನಾಲ್ಕು ವಿವರಗಳನ್ನು ಸಂಕೋಚವಿಲ್ಲದೆ ಕೇಳಬೇಕು: ಪ್ರೊಸೆಸರ್ ಯಾವ ಪೀಳಿಗೆಯದು, ಡಿಸ್ಕು ಮತ್ತು ಚಾರ್ಜರು ಜೊತೆಗಿವೆಯೇ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಸಾಗಣೆಯ ವೆಚ್ಚ ಯಾರದು. ಬಯಸಿದ ಉತ್ತರ ಬರದಿದ್ದಲ್ಲಿ ವಿನಯದಿಂದ ಬೇಡವೆನ್ನುವುದೇ ಲೇಸು. ಮದುವೆಯಲ್ಲಿ ಬಂದ ಗಡಿಯಾರಗಳಂತೆ ಬಂದದ್ದನ್ನೆಲ್ಲ ಇಟ್ಟುಕೊಳ್ಳುವುದಕ್ಕೆ ಶಾಲೆಯಲ್ಲಿ ಕೋಣೆಗಳು ಹೆಚ್ಚಿಲ್ಲ.

ಹಳೆಯದನ್ನು ವಿಲೇವಾರಿ ಮಾಡುವಲ್ಲಿ ಶಾಲೆಗಳು ಹಿಂಜರಿಯುವುದು ಬಹುಮಟ್ಟಿಗೆ ಲೆಕ್ಕ ತಪಾಸಣೆಯ ಭಯದಿಂದ. ಡೆಡ್‌ಸ್ಟಾಕ್ ವಹಿಯಲ್ಲಿ ಇಪ್ಪತ್ತು ಎಂದಿದ್ದರೆ ಇಪ್ಪತ್ತೂ ಇರಬೇಕು, ಸತ್ತಿದ್ದರೂ ಸರಿ! ಹೀಗಾಗಿ ಸತ್ತವು ಬದುಕಿರುವವುಗಳ ಜಾಗವನ್ನು ಆಕ್ರಮಿಸಿಕೊಂಡು ಕೂತಿರುತ್ತವೆ. ಆಡಳಿತ ಮಂಡಳಿಯು ಠರಾವು ಮಾಡಿ, ಯಂತ್ರದ ಕ್ರಮಸಂಖ್ಯೆ, ಕೊಂಡ ವರ್ಷ, ಕೈಬಿಟ್ಟ ಕಾರಣಗಳನ್ನು ಬರೆದು ವಹಿಯಿಂದ ತೆಗೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಬೀದಿಯ ಗುಜರಿಯವನ ತಕ್ಕಡಿಗೆ ಹಾಕುವುದು ಸರಿಯಲ್ಲ. ಹಳೆಯ ಪರದೆಗಳ ಗಾಜಿನಲ್ಲಿ ಸೀಸವಿದೆ. ತಾಮ್ರಕ್ಕಾಗಿ ತಂತಿಗಳನ್ನು ಸುಟ್ಟರೆ ವಿಷದ ಹೊಗೆ ಏಳುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇಂಥವನ್ನು ಸಂಸ್ಕರಿಸುವವರು ನೋಂದಾಯಿತರಾಗಿರಬೇಕು. ಒಂದು ಶಾಲೆಯ ಐದಾರು ಯಂತ್ರಗಳಿಗಾಗಿ ಅವರು ಜೈನಾಪುರದವರೆಗೆ ಬರಲಿಕ್ಕಿಲ್ಲ. ಸುತ್ತಲಿನ ಹತ್ತು ಶಾಲೆಗಳು ಒಂದು ದಿನ ನಿಗದಿಮಾಡಿ ವಿಜಯಪುರದಲ್ಲಿ ಕೂಡಿಸಿದರೆ ಬರಬಹುದು. ಹೊರಗೆ ಹೋಗುವ ಮೊದಲು ಡಿಸ್ಕಿನಲ್ಲಿರುವುದನ್ನು ಪೂರ್ಣವಾಗಿ ಅಳಿಸುವುದನ್ನು, ಅಥವಾ ಡಿಸ್ಕನ್ನೇ ತೆಗೆದು ರಂಧ್ರ ಕೊರೆಯುವುದನ್ನು ಮರೆಯಬಾರದು. ಅದರಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಜಾತಿ-ಆದಾಯದ ಪ್ರಮಾಣಪತ್ರ, ಪಾಲಕರ ಬ್ಯಾಂಕ್ ಖಾತೆಯ ವಿವರಗಳಿರುತ್ತವೆ. ಕಡತವನ್ನು ಕಸದ ಬುಟ್ಟಿಗೆ ಹಾಕಿದ ಮಾತ್ರಕ್ಕೆ ಅವು ಅಳಿಯುವುದಿಲ್ಲವೆಂಬುದು ಎಲ್ಲ ಶಿಕ್ಷಕರಿಗೂ ತಿಳಿದಿರುವ ಸಂಗತಿಯಲ್ಲ.

ಕೆಲಸದ ವೇಳೆಯ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳ ರಜೆಯೇ ಇದಕ್ಕೆ ಪ್ರಶಸ್ತ ಕಾಲ. ಪರೀಕ್ಷೆಗಳು ಮುಗಿದಿರುತ್ತವೆ, ಫಲಿತಾಂಶದ ದಾಖಲೆಗಳು ಹೋಗಿರುತ್ತವೆ, ಕೋಣೆ ಬರಿದಾಗಿರುತ್ತದೆ. ಆದರೆ ರಜೆಯಲ್ಲಿ ಕೂಡಿಸಬೇಕಾದ ಯಂತ್ರಗಳಿಗೆ ಜನವರಿಯಲ್ಲಿಯೇ ದರಪಟ್ಟಿ ತರಿಸಿ ಫೆಬ್ರುವರಿಯಲ್ಲಿ ಬೇಡಿಕೆ ಸಲ್ಲಿಸಬೇಕು. ಮೇ ತಿಂಗಳಲ್ಲಿ ಸಭೆ ಕರೆದು ಚರ್ಚಿಸಿದರೆ ಯಂತ್ರಗಳು ಬರುವುದು ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ. ವಿಂಡೋಸ್ 10ರ ಹಣ ತೆತ್ತು ಪಡೆಯುವ ತಿದ್ದುಪಡಿಗಳೂ 2028ರ ಅಕ್ಟೋಬರ್‌ನಲ್ಲಿ ನಿಲ್ಲುತ್ತವೆ. 2025ರ ಅಕ್ಟೋಬರ್‌ನಿಂದ ಅಲ್ಲಿಯವರೆಗೆ ಶಾಲೆಗಳಿಗೆ ದೊರೆತಿರುವುದು 2026, 2027, 2028ರ ಮೂರು ಬೇಸಿಗೆ ರಜೆಗಳು ಮಾತ್ರ. ಇಪ್ಪತ್ತು ಯಂತ್ರಗಳನ್ನು ಆ ಮೂರು ರಜೆಗಳಿಗೆ ಹಂಚಿದರೆ ಒಂದೊಂದಕ್ಕೆ ಆರೇಳು ಬರುತ್ತವೆ.